ಆಯುಧಪೂಜೆಯ ರಜೆಯಲ್ಲಿ ಜೀವಕೋಶಗಳು ಪಾಲಿಸಬೇಕಾದ ಶಿಸ್ತು

ಕೀಲು ದುರಸ್ತಿ ಶಾಖೆ, ಎರಡನೇ ಮಹಡಿ, ಹೊಸೂರು
ಸಂಖ್ಯೆ: ಕೀ.ದು.ಶಾ/ಪೂಜೆ/37/2025-26
ದಿನಾಂಕ: 04-11-2025

ಸುತ್ತೋಲೆ

ವಿಷಯ: ಮುನಿಗಂಗಮ್ಮ ಅವರ ಮಂಡಿಗಾಗಿ ಬೆಳೆಸುತ್ತಿದ್ದ ಜೀವಕೋಶಗಳು ಹಬ್ಬದ ರಜೆಯಲ್ಲಿ ಸತ್ತಿರುವ ಬಗ್ಗೆ, ಹಾಗೂ ಮುಂದೆ ಹಾಗೆ ಸಾಯದಂತೆ ಅವುಗಳಿಗೆ ಸೂಚನೆ ನೀಡುವ ಬಗ್ಗೆ.

ಉಲ್ಲೇಖ: ತಂತ್ರಜ್ಞೆ ಸುಷ್ಮಾ ಅವರ ಪತ್ರ, ದಿ. 31-10-2025 (ಓದಲಾಗಿದೆ, ಪರಿಶೀಲಿಸಿಲ್ಲ).

ಜೀವಶಾಸ್ತ್ರವನ್ನು ಯಾರೂ ಓದಿರದ ಶಾಖೆಯೊಂದು ಜೀವಕೋಶಗಳಿಗೆ ನಿಯಮ ಮಾಡಲು ಹೊರಟಿರುವುದಕ್ಕೆ ಮೊದಲಿಗೇ ಕ್ಷಮೆ ಕೋರಲಾಗಿದೆ. ತಪ್ಪಿದ್ದಲ್ಲಿ ತಿದ್ದಿಕೊಳ್ಳಲಾಗುವುದು, ತಪ್ಪು ಯಾರದೆಂದು ಮಾತ್ರ ಕೇಳತಕ್ಕದ್ದಲ್ಲ.

1. ಅವಲಪಲ್ಲಿಯ ರೈತ ಮಹಿಳೆ ಮುನಿಗಂಗಮ್ಮ (54) ಅವರ ಬಲ ಮಂಡಿಯ ಮೃದ್ವಸ್ಥಿ, ಅಂದರೆ ಮೂಳೆಗೆ ಮೂಳೆ ಉಜ್ಜದಂತೆ ತಡೆಯುವ ಪದರ, ಸವೆದುಹೋಗಿದೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳಲು ಅವರಿಗೆ ಆಗುತ್ತಿಲ್ಲ. ಅವರದೇ ಜೀವಕೋಶಗಳನ್ನು ತೆಗೆದು, ಶಾಖಪೆಟ್ಟಿಗೆಯಲ್ಲಿ 37 ಡಿಗ್ರಿಯಲ್ಲಿ ಬೆಳೆಸಿ, ಬಯೋಪ್ರಿಂಟರ್ ಎಂಬ ಯಂತ್ರದಿಂದ ಪದರದ ಮೇಲೆ ಪದರವಿಟ್ಟು ಹೊಸ ತುಂಡು ತಯಾರಿಸಿ ಮಂಡಿಯಲ್ಲಿ ಕೂರಿಸುವುದು ಯೋಜನೆ. ಹೀಗೆ ಕೋಶ ತೆಗೆಯುವುದು ಎರಡು ಸಲ ಮಾತ್ರ ಸಾಧ್ಯವೆಂದು ವೈದ್ಯರು ತಿಳಿಸಿರುತ್ತಾರೆ.

2. 30-09-2025ರ ಸಂಜೆ ಶಾಖೆಯಲ್ಲಿ ಆಯುಧಪೂಜೆ ನೆರವೇರಿತು. ವಿದ್ಯುತ್ ಸಿಬ್ಬಂದಿ ದಾಸಪ್ಪ ಅವರು ಎಲ್ಲ ಯಂತ್ರಗಳಿಗೆ ವಿಭೂತಿ ಬಳಿದು, ಹಬ್ಬದ ದಿನ ಯಂತ್ರ ಓಡಬಾರದೆಂಬ ವಾಡಿಕೆಯಂತೆ ಮೇನ್ ಸ್ವಿಚ್ ಆರಿಸಿದರು. 03-10-2025ರ ಬೆಳಿಗ್ಗೆ 10.40ಕ್ಕೆ ಬಾಗಿಲು ತೆರೆದಾಗ ಕೋಶಗಳೆಲ್ಲ ಸತ್ತಿದ್ದವು. ಪೂಜೆಗಿಟ್ಟ ನಿಂಬೆಹಣ್ಣು ಸುಸ್ಥಿತಿಯಲ್ಲಿತ್ತು.

3. "ಮೂಕಂಡಪಲ್ಲಿ ಕಂಪನೀಲಿ ಇಪ್ಪತ್ತೆರಡು ವರ್ಷ ಹಿಂಗೇ ಆರ್ಸೀವ್ನಿ ಸಾರ್, ಒಂದ್ ಲೇತ್ ಮಿಷಿನ್ನೂ ಸತ್ತಿಲ್ಲ" ಎಂಬ ದಾಸಪ್ಪ ಅವರ ಹೇಳಿಕೆಯನ್ನು ತಜ್ಞರ ಅಭಿಪ್ರಾಯವೆಂದು ಅಂಗೀಕರಿಸಲಾಗಿದೆ.

4. "ಅಲ್ಲ ಸಾಮಿ, ಕುಂಕುಮ ಇಡ್ಬೇಕಾದ್ರೆ ಇಟ್ಕಳಿ, ಆರ್ಸ್ಬುಟ್ಟು ಯಾಕ್ ಹೋದ್ರಿ? ಹಬ್ಬ ಅಂತ ನಾವು ಎಮ್ಮೆಗೆ ಮೇವ್ ಹಾಕ್ದೆ ಬುಟ್ಬುಡ್ತೀವಾ?" ಎಂಬ ಮುನಿಗಂಗಮ್ಮ ಅವರ ಹೇಳಿಕೆಯು ಎಮ್ಮೆಗೆ ಸಂಬಂಧಿಸಿದ್ದಾದುದರಿಂದ ಪಶುಪಾಲನೆಯವರಿಗೆ ವರ್ಗಾಯಿಸಲಾಗಿದೆ.

5. ಇನ್ನು ಮುಂದೆ ಜೀವಕೋಶಗಳು ಸರ್ಕಾರಿ ರಜೆಯ ದಿನಗಳಲ್ಲಿ ಬೆಳೆಯತಕ್ಕದ್ದಲ್ಲ, ಸಾಯತಕ್ಕದ್ದೂ ಅಲ್ಲ. ಅವುಗಳ ಪರವಾಗಿ ರೋಗಿಯೇ ಮುಚ್ಚಳಿಕೆ ಬರೆದುಕೊಡಬೇಕು.

6. ಬಯೋಪ್ರಿಂಟರ್ ಯಂತ್ರದ ಕೂದಲಿಗಿಂತ ಸಣ್ಣದಾದ ಮೂತಿಗೆ ಗಂಧ ಮೆತ್ತಿ, ಬಳಿಕ ಹೇರ್‌ಪಿನ್ನಿನಿಂದ ಬಿಡಿಸಿರುವುದು ಗಮನಕ್ಕೆ ಬಂದಿದೆ. ಗಂಧದ ಬೊಟ್ಟು ಇನ್ನು ಸಾಸಿವೆ ಗಾತ್ರ ಮೀರಬಾರದು. ಹೇರ್‌ಪಿನ್ ಅನ್ನು ಶಸ್ತ್ರಚಿಕಿತ್ಸಾ ಉಪಕರಣಗಳ ಪಟ್ಟಿಗೆ ಸೇರಿಸಲಾಗಿದೆ.

7. ಮಂಡಿ ಮಡಚಲಾಗದೆಂದು ಅರ್ಜಿ ಕೊಟ್ಟವರು ಎರಡನೇ ಮಹಡಿಗೆ ಹತ್ತಿ ಬಂದು, ಪೂಜೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕೂತವರಿಗೆ ಕಾಯಿಲೆ ಇಲ್ಲವೆಂದೂ, ಕೂರದವರಿಗೆ ಭಕ್ತಿ ಇಲ್ಲವೆಂದೂ ತೀರ್ಮಾನಿಸಿ ಎರಡೂ ಬಗೆಯ ಅರ್ಜಿಗಳನ್ನು ವಜಾ ಮಾಡಲಾಗುವುದು.

8. 27-10-2025ರಂದು ಮುನಿಗಂಗಮ್ಮ ಅವರಿಂದ ಎರಡನೇ ಸಲ, ಅಂದರೆ ಕೊನೆಯ ಸಲ, ಕೋಶ ತೆಗೆದು ಶಾಖಪೆಟ್ಟಿಗೆಯಲ್ಲಿ ಇಡಲಾಯಿತು. ಮೊದಲ ಸಾವಿನ ಸಾಕ್ಷ್ಯ ನಾಶವಾಗಬಾರದೆಂದು 30-10-2025ರಂದು ಶಾಖಪೆಟ್ಟಿಗೆಯಿರುವ ಕೋಣೆಗೆ ಅರಗಿನ ಸೀಲು ಹಾಕಲಾಯಿತು. ವಿಚಾರಣೆ ಮುಗಿಯುವವರೆಗೆ ಬಾಗಿಲು ತೆರೆಯುವಂತಿಲ್ಲ. ವಿಚಾರಣಾಧಿಕಾರಿ ಇನ್ನೂ ನೇಮಕವಾಗಿಲ್ಲ.

9. ಎರಡು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸದಿದ್ದರೆ ಕೋಶಗಳು ಉಳಿಯುವುದಿಲ್ಲವೆಂದು ಸುಷ್ಮಾ ಅವರು ಉಲ್ಲೇಖಿತ ಪತ್ರದಲ್ಲಿ ಬರೆದಿರುತ್ತಾರೆ. ಸೀಲಾಗಿ ಇಂದಿಗೆ ಐದು ದಿನ. ಅವಸರ ಮಾಡಬಾರದೆಂದು ಅವರಿಗೆ ಎಚ್ಚರಿಕೆ ನೀಡಲಾಗಿದೆ.

ಸಹಿ/-
(ಕುಮಾರೇಶ್)
ಅಧೀಕ್ಷಕರು (ಪ್ರಭಾರ)

ಪ್ರತಿಗಳು:
1) ದಾಸಪ್ಪ, ವಿದ್ಯುತ್ ಸಿಬ್ಬಂದಿ: ಮೇನ್ ಸ್ವಿಚ್‌ನ ಕೀಲಿ ಅವರ ಬಳಿಯೇ ಇರತಕ್ಕದ್ದು.
2) ಸುಷ್ಮಾ, ತಂತ್ರಜ್ಞೆ: ಬಾಗಿಲ ಹೊರಗೆ ಕಾಯುವುದನ್ನು ನಿಲ್ಲಿಸುವಂತೆ.
3) ಮುನಿಗಂಗಮ್ಮ, ಅವಲಪಲ್ಲಿ: ಖುದ್ದಾಗಿ ಮೇಲೆ ಬಂದು ಪಡೆದುಕೊಳ್ಳತಕ್ಕದ್ದು.
4) ಜೀವಕೋಶಗಳು (ಎರಡನೇ ಸಲದವು): ಬಾಗಿಲ ಕೆಳಗಿನ ಸಂದಿಯ ಮೂಲಕ. ಸ್ವೀಕರಿಸಲು ಅವು ಇನ್ನೂ ಬದುಕಿವೆಯೇ ಎಂಬುದು ಈ ಶಾಖೆಗೆ ತಿಳಿದಿಲ್ಲ.