ಬಾಯಿ ಬಿಟ್ಟ ಪಿಸ್ತಾ

"ಈ ಸಕ್ಕರೆ ಕಾಯಿಲೆ ನನ್ನ ಹತ್ರ ಆಟ ಆಡೂಕೆ ಬಂದದೆ! ಬರೂ ಅಮಾಸೆ ಒಳಗೆ ಇದನ್ನ ಓಡಿಸದಿದ್ರೆ ನಾ ಮಾಬ್ಲನೇ ಅಲ್ಲ!"

ಮಿರ್ಜಾನದ ಮಾಬ್ಲ ಜಗುಲಿಯಲ್ಲಿ ನಿಂತು ಹೀಗೆ ಸಾರಿದಾಗ ಕೇಳಲು ಇದ್ದವಳು ಹೆಂಡತಿ ದುರ್ಗಿ ಒಬ್ಬಳೇ. ಕಾಯಿಲೆ ಅವಳಿಗೂ ಇತ್ತು. ಆದರೆ ಅವಳು ಏನನ್ನೂ ಸಾರದೆ ಮೀನು ಕೊಯ್ಯುತ್ತಿದ್ದಳು.

ಮಾಬ್ಲನ ಆವೇಶಕ್ಕೆ ಕಾರಣವಿತ್ತು. ಕಣ್ಣು ಮಂಜಾಗಿ ಅವನು ದೋಣಿಯನ್ನು ಯಾರದೋ ಬಲೆಯ ಗೂಟಕ್ಕೆ ನುಗ್ಗಿಸಿದ್ದ. ಕುಮಟೆಯ ಡಾಕ್ಟರು, "ಸಕ್ಕರೆ ಇಳಿಯುವ ತನಕ ಚುಕ್ಕಾಣಿ ಮುಟ್ಟಬೇಡ" ಎಂದುಬಿಟ್ಟರು. ಈಗ ಚುಕ್ಕಾಣಿ ಹೆಂಡತಿಯ ತಮ್ಮ ಜಟ್ಟನ ಕೈಯಲ್ಲಿ! ತನ್ನದೇ ದೋಣಿಯಲ್ಲಿ ಮೂಟೆಯಂತೆ ಕೂತು ಹೋಗುವುದೆಂದರೆ ಮಾಬ್ಲನಿಗೆ ಸಾಯುವಷ್ಟು ಅವಮಾನ.

ಡಾಕ್ಟರು ಇಬ್ಬರಿಗೂ ಗುಳಿಗೆ ಕೊಟ್ಟು, "ಸಂಜೆ ಬೆಲ್ಲದವಲಕ್ಕಿ ಬಿಡಿ. ಅದರ ಬದಲು ಒಂದು ಮುಷ್ಟಿ ಪಿಸ್ತಾ ತಿನ್ನಿ. ಹೊಟ್ಟೆ ತುಂಬ್ತದೆ, ಸಕ್ಕರೆ ಒಮ್ಮೆಲೇ ಏರೋದಿಲ್ಲ" ಎಂದಿದ್ದರು.

ಪಿಸ್ತಾ ಕೊಟ್ಟವರು ಭಟ್ಕಳದ ಮೀರಾ ಸಾಹೇಬರು. ಅವರ ಹಂಚಿನ ಮಾಲು ಮಾಬ್ಲನ ದೋಣಿಯಲ್ಲೇ ಬರುತ್ತಿತ್ತು. ಮುಂಬಯಿಯಿಂದ ತಂದಿದ್ದ ಒಂದು ಚೀಲವನ್ನು ಅವರು ಸುಮ್ಮನೆ ಕೊಟ್ಟುಬಿಟ್ಟರು. ಸುಮ್ಮನೆ ಕೊಟ್ಟದ್ದೇ ಮಾಬ್ಲನಿಗೆ ಅನುಮಾನ! ಮನೆಗೆ ಬಂದು ಚೀಲ ಸುರಿದವನು ಹೌಹಾರಿದ.

"ನೋಡು ಮಾರಾಯ್ತಿ! ಎಲ್ಲಾ ಬಾಯಿ ಬಿಟ್ಟದೆ! ಸತ್ತ ಮಾಲು!"

ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬೆಳೆದವನಿಗೆ ಚಿಪ್ಪಿನ ಶಾಸ್ತ್ರ ಯಾರು ಕಲಿಸಬೇಕು? ಬಾಯಿ ಮುಚ್ಚಿದ ಬಳಚು ಜೀವಂತ, ಬೇಯಿಸಿದರೆ ತಾನೇ ತೆರೆಯುತ್ತದೆ. ಬೇಯಿಸುವ ಮೊದಲೇ ಬಾಯಿ ಬಿಟ್ಟದ್ದು ಸತ್ತದ್ದು. ಅದನ್ನು ತಿಂದವನಿಗೂ ಉಳಿಗಾಲವಿಲ್ಲ.

"ಇದು ಮರದಲ್ಲಿ ಆಗೂದು ಅಂತ ಡಾಕ್ಟ್ರು ಹೇಳೀರಲ್ಲ" ಎಂದಳು ದುರ್ಗಿ.

"ಮರದ್ದಾದ್ರೆ ಚಿಪ್ಪು ಎಂತಕೆ?"

"ತೆಂಗಿನಕಾಯಿಗೆ ಇಲ್ವಾ?"

"ತೆಂಗಿನಕಾಯಿ ಬಾಯಿ ಬಿಡ್ತದಾ? ನೆಕ್ಕಿ ನೋಡು, ಉಪ್ಪು! ಸಮುದ್ರದ್ದೇ ಇದು! ಡಾಕ್ಟ್ರು ಯಾವಾಗಾದ್ರೂ ಬಳಚು ಹೆಕ್ಕೀರಾ?"

"ವಾಸನೆ ಎಂತದೂ ಇಲ್ವಲ್ಲ..."

"ನಂಗೆ ಹೊಳೆ ವಿದ್ಯೆ ಕಲಿಸೂಕೆ ಬರಬೇಡ!"

"ಆತು" ಎಂದು ದುರ್ಗಿ ಬಾಯಿ ಮುಚ್ಚಿದಳು.

ಮಾಬ್ಲ ಒಂದೊಂದನ್ನೂ ಪರೀಕ್ಷಿಸಿ, ಬಾಯಿ ಬಿಟ್ಟದ್ದನ್ನೆಲ್ಲ ಬುಟ್ಟಿಗೆ ತುಂಬಿ, "ದೂರ ಬಿಸಾಡು, ಕೋಳಿಗೂ ಹಾಕಬೇಡ" ಎಂದು ಅವಳ ಕೈಗಿತ್ತ. ಕೊನೆಗೆ ಉಳಿದ ಒಂದಿಷ್ಟು ಬಾಯಿ ಮುಚ್ಚಿದ ಸಾಚಾ ಪಿಸ್ತಾವನ್ನು ಗಡಿಗೆಗೆ ಹಾಕಿ ಒಲೆಯ ಮೇಲಿಟ್ಟ. ನೀರು ಕೊತಕೊತ ಕುದಿಯಿತು. ಒಂದೂ ಬಾಯಿ ಬಿಡಲಿಲ್ಲ! ಅಡುಗೆಮನೆಯೆಲ್ಲ ಹೊಗೆಯಾಯಿತು, ಅನ್ನಕ್ಕೆ ಇಟ್ಟ ಸೌದೆಯೂ ಮುಗಿಯಿತು.

"ಗಟ್ಟಿ ಜೀಂವ!" ಎಂದು ಮಾಬ್ಲ ಮೆಚ್ಚಿಕೊಂಡ. "ಇಂಥದ್ದು ತಿಂದ್ರೇ ಗುಣ!"

ಮರುದಿನ ಗುಂಡುಕಲ್ಲಿನಿಂದ ಜಜ್ಜಿದ. ಒಂದು ಸಿಡಿದು ಗೋಡೆಯ ಕನ್ನಡಿ ಒಡೆಯಿತು. ಅದರ ಮರುದಿನ ದವಡೆಯಲ್ಲಿಟ್ಟು ಕಡಿದ. ಕಟಕ್ ಎಂದಿತು. ಪಿಸ್ತಾ ಅಲ್ಲ, ಹಲ್ಲು! ಇಷ್ಟೆಲ್ಲ ಹೋರಾಟ ಮಾಡಿದವನಿಗೆ ಹಸಿವಾಗದೆ ಇರುತ್ತದೆಯೇ? ಪಿಸ್ತಾ ದಾರಿಗೆ ಬರುವವರೆಗೆ ಇರಲಿ ಎಂದು ದಿನವೂ ಸಂಜೆ ಒಂದು ಬಟ್ಟಲು ಮೆತ್ತನೆಯ ಬೆಲ್ಲದವಲಕ್ಕಿ ಹೊಟ್ಟೆಗಿಳಿಯುತ್ತಿತ್ತು. ಹಲ್ಲುನೋವಿನವನು ಇನ್ನೇನು ತಿಂದಾನು, ಪಾಪ!

ಈ ನಡುವೆ ಹಿತ್ತಲಲ್ಲಿ ಕೂತ ದುರ್ಗಿಯ ಬಾಯಿ ಆಡುವುದು ಅವನ ಕಣ್ಣಿಗೆ ಬಿತ್ತು.

"ಎಂತ ಜಗೀತೆ ನೀನು?"

"ಎಲೆ ಅಡಿಕೆ."

"ಎಲೆ ಅಡಿಕೆ ಟಕ್ ಟಕ್ ಅಂತದಾ?"

"ಅಡಿಕೆ ಗಟ್ಟಿ ಇದ್ರೆ ಅಂತದೆ."

ಮಾಬ್ಲ ನಂಬಲಿಲ್ಲ. ಇವಳು ಕದ್ದು ಬೆಲ್ಲ ಕಡಿಯುತ್ತಿದ್ದಾಳೆ, ಇವಳ ಕಾಯಿಲೆ ಈ ಜನ್ಮದಲ್ಲಿ ಇಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಮರುಗಿದ.

ಅಮಾವಾಸ್ಯೆ ಬಂತು. ಡಾಕ್ಟರು ಇಬ್ಬರ ಮೂತ್ರವನ್ನೂ ಎರಡು ಗಾಜಿನ ನಳಿಗೆಗಳಲ್ಲಿ ನೀಲಿ ಔಷಧಿಗೆ ಬೆರೆಸಿ ಕಾಯಿಸಿದರು. ನೀಲಿ ಉಳಿದರೆ ಗೆದ್ದ ಹಾಗೆ, ಕೆಂಪಾದರೆ ಸೋತ ಹಾಗೆ. ಒಂದು ನಳಿಗೆ ತಿಳಿನೀಲಿಯಾಗಿಯೇ ಉಳಿಯಿತು.

"ಅದು ನಂದು! ಜಟ್ಟ, ಚುಕ್ಕಾಣಿ ಬಿಡು!" ಎಂದು ಮಾಬ್ಲ ಹೊರಗೆ ಕೂತಿದ್ದ ಬಾವಮೈದುನನಿಗೆ ಕೇಳುವಂತೆ ಕೂಗಿದ.

"ಅದು ದುರ್ಗಿದು. ನಿನ್ನದು ಇದು" ಎಂದರು ಡಾಕ್ಟರು. ಮಾಬ್ಲನ ನಳಿಗೆ ಮೀರಾ ಸಾಹೇಬರ ಹಂಚಿನ ಹಾಗೆ ಕೆಂಪಾಗಿತ್ತು!

"ಅದಲು ಬದಲಾಗಿದೆ! ಇದರಲ್ಲಿ ಏನೋ ಮೋಸ ಅದೆ!"

"ಮೋಸ ಎಂತದೂ ಇಲ್ಲ. ಚುಕ್ಕಾಣಿ ಜಟ್ಟನ ಹತ್ತಿರವೇ ಇರಲಿ" ಎಂದು ಡಾಕ್ಟರು ದುರ್ಗಿಯ ಕಡೆ ತಿರುಗಿದರು. "ನೀನು ಏನು ಮಾಡಿದೆಯಮ್ಮ?"

"ನೀವು ಹೇಳಿದ್ದೇ. ಗುಳಿಗೆ ತಕಂಡೆ, ಬೆಲ್ಲ ಬಿಟ್ಟೆ, ಸಂಜೆಗೆ ಒಂದು ಮುಷ್ಟಿ ಪಿಸ್ತಾ ತಿಂದೆ."

"ಪಿಸ್ತಾನಾ?" ಮಾಬ್ಲ ಚೀರಿದ. "ನಿಂಗೆ ಎಲ್ಲಿತ್ತು ಪಿಸ್ತಾ?"

ದುರ್ಗಿ ಸೆರಗು ಸರಿಮಾಡಿಕೊಂಡು ತಣ್ಣಗೆ ಹೇಳಿದಳು:

"ಸತ್ತದ್ದನ್ನೆಲ್ಲ ನಾ ತಿಂದೆ. ಜೀಂವ ಇದ್ದದ್ದನ್ನ ನಿಮಗೇ ಬಿಟ್ಟಿದ್ದೆನಲ್ಲ!"