ಹನ್ನೊಂದನೆಯ ಕಪ್ಪು ಚಹಾ

ಅನಾಹುತಕ್ಕೆಲ್ಲ ಕಾರಣ ಎಳ್ಳುಕಾಳಿನಷ್ಟು ಚಿಕ್ಕ ಒಂದು 'ಸಮ' ಚಿಹ್ನೆ. ಅದನ್ನು ಒತ್ತಿದ್ದು ಅಮರಗುಂಡಪ್ಪನ ಬೆರಳು.

ಲಿಂಗಸುಗೂರಿನಲ್ಲಿ ಮೂರು ತಿಂಗಳು ಸಿ ಭಾಷೆ ಕಲಿತು, ೧೯೯೬ರಲ್ಲಿ ಸಿಂಧನೂರಿನ ಪಂಪಣ್ಣನ ರೈಸ್‌ಮಿಲ್ಲಿಗೆ ಕಂಪ್ಯೂಟರ್ ನಡೆಸಲು ಬಂದವನು ಈತ. ಮಿಲ್ಲಿನಲ್ಲಿ ಹತ್ತು ಆಳು. ಕಡೆಗೆ ಸೇರಿದ ಇವನೇ ಹತ್ತನೆಯವನು. ದಿನಾ ಬೆಳಿಗ್ಗೆ, ಸಂಜೆ ಹಾಜರಿ ಕೂಗುವುದು, ಕೂಗಿದ ಪ್ರತಿ ಹೆಸರಿಗೆ ಹುಸೇನಮ್ಮ ಒಂದು ಕಪ್ಪು ಚಹಾ ಹಾಕುವುದು ಅಲ್ಲಿನ ಪದ್ಧತಿ.

ಅಂದು ಅವನ ಹೊಸ ಹಾಜರಿ ಪ್ರೋಗ್ರಾಮಿನ ಮೊದಲ ದಿನ. ಪ್ರಿಂಟರಿನ ಕಾಗದ ಹಿಡಿದು ಜಂಬದಿಂದ ಹತ್ತು ಹೆಸರು ಕೂಗಿದ. ಕೆಳಗೆ ಇನ್ನೊಂದು ಸಾಲಿತ್ತು. ರಭಸದಲ್ಲಿ ಬಾಯಿ ನಿಲ್ಲಲಿಲ್ಲ.

"ಆದಪ್ಪ!"

ಬಾಯ್ಲರ್ ಕಾಯುತ್ತಿದ್ದ ಆದಪ್ಪ ಸತ್ತು ಒಂದು ತಿಂಗಳಾಗಿತ್ತು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಹುಸೇನಮ್ಮನ ಕೈ ಮಾತ್ರ ರೂಢಿಯಂತೆ ಹನ್ನೊಂದನೆಯ ಕಪ್ಪು ತುಂಬಿತು. ಚೆಲ್ಲುವ ಧೈರ್ಯವಿಲ್ಲದೆ ಅದನ್ನು ಅವನು ಕೂರುತ್ತಿದ್ದ ಬಾಯ್ಲರ್ ಕಟ್ಟೆಯ ಮೇಲಿಟ್ಟರು. ಮಧ್ಯಾಹ್ನ ನೋಡಿದರೆ ಕಪ್ಪು ಖಾಲಿ.

"ಕುಡದು ಹೋಗ್ಯಾನ! ಎರಡು ಚಮಚ ಸಕ್ರಿ ಅಂದ್ರ ಅವಂಗ ಜೀವ," ಎಂದು ಹುಸೇನಮ್ಮ ಸೆರಗು ಬಾಯಿಗಿಟ್ಟಳು.

ಆಳುಗಳು ಕೆಲಸ ಬಿಟ್ಟು ಕೂತರು. ಪಂಪಣ್ಣ ಹಲ್ಲು ಕಡಿದ. "ಸಂಜಿ ಚಹಾದೊಳಗ ಅವನ ಹೆಸರು ಹೋಗ್ಬೇಕು ನೋಡಪಾ. ಇಲ್ಲಂದ್ರ ಹಾಸಿಗಿ ಸುತ್ಕೊಂಡು ನಿಮ್ಮೂರು ಮಸ್ಕಿಯ ಬಸ್ ಹತ್ತು."

ಅಮರಗುಂಡಪ್ಪ ಪ್ರೋಗ್ರಾಂ ತೆರೆದ. ಆಳುಗಳ ಹೆಸರಿಗೆ ಹತ್ತು ಖಾನೆ. ಅದಕ್ಕೆ ಅಂಟಿಕೊಂಡೇ, ಪಟ್ಟಿಯಿಂದ ತೆಗೆದವರ ಖಾನೆ. ಎಣಿಕೆ ಸೊನ್ನೆಯಿಂದ ಶುರುವಾಗಿ ಹತ್ತಕ್ಕಿಂತ ಮೊದಲೇ, ಒಂಬತ್ತಕ್ಕೆ ನಿಲ್ಲಬೇಕು; ಅಲ್ಲಿಗೆ ಹತ್ತು ಹೆಸರು. ಇವನು 'ಹತ್ತಕ್ಕೆ ಸಮವಾದರೂ ಸರಿ' ಎಂದು ಬರೆದಿದ್ದ. ಎಣಿಕೆ ಬೇಲಿ ಹಾರಿದ ಎಮ್ಮೆಯಂತೆ ಪಕ್ಕದಲ್ಲಿದ್ದ ಆದಪ್ಪನ ಖಾನೆಗೆ ನುಗ್ಗಿತ್ತು.

"ದೆವ್ವಾನೂ ಇಲ್ಲ, ಗಿವ್ವಾನೂ ಇಲ್ಲ!" ಎಂದು ನಕ್ಕ. ಆಗಲೇ ಬೆನ್ನ ಹಿಂದೆ ಯಾರೋ ಸೊರ್ರನೆ ಚಹಾ ಹೀರಿದ ಸದ್ದಾಯಿತು. ತಿರುಗಿದರೆ ಯಾರೂ ಇಲ್ಲ. ಗಡಿಬಿಡಿಯಿಂದ ಸಮ ಚಿಹ್ನೆ ಅಳಿಸಿದ. ಅಷ್ಟಕ್ಕೆ ಸಮಾಧಾನವಾಗದೆ, ಬಂದೋಬಸ್ತಿಗಿರಲಿ ಎಂದು ಹತ್ತನ್ನು ಒಂಬತ್ತು ಮಾಡಿದ.

ಸಂಜೆ ಹೆಸರು ಕೂಗಿದ. ಕಾಗದ ಮುಗಿಯಿತು. ಆದಪ್ಪ ಇಲ್ಲ!

"ಹೋದ ನೋಡ್ರಿ!" ಎಂದು ಕುಣಿದ.

ಹುಸೇನಮ್ಮ ಕಪ್ಪು ಎಣಿಸಿದಳು. "ಒಂಬತ್ತ ಆದ್ವು. ಯಪ್ಪಾ, ನಿನ್ನ ಹೆಸರೆಲ್ಲಿ?"

ಅಮರಗುಂಡಪ್ಪ ಕಾಗದ ತಿರುವಿ ತಿರುವಿ ನೋಡಿದ. ಇರಲಿಲ್ಲ.

"ಆದಪ್ಪ ಹೋಗೋವಾಗ ಜೊತಿಗೆ ಕರ್ಕೊಂಡು ಹೋಗ್ಯಾನ," ಎಂದು ಯಾರೋ ಪಿಸುಗುಟ್ಟಿದರು.

"ನಾ ಇಲ್ಲೇ ಅದೀನ್ರೀ! ಎರಡು ಸಲ ತಿದ್ದಿಬಿಟ್ಟೆ, ಅಷ್ಟ!"

ಯಾರೂ ಅವನತ್ತ ನೋಡಲಿಲ್ಲ. ಪಂಪಣ್ಣ ದೂರದಿಂದಲೇ ಕೈಮುಗಿದ. "ನಿನ್ನ ಹಾಸಿಗಿ ಮಸ್ಕಿಗೆ ನಾವ ಮುಟ್ಟಸ್ತೀವಪಾ. ನೀ ಇತ್ತ ಬರಬ್ಯಾಡ."

ಹುಸೇನಮ್ಮ ಕಣ್ಣೊರೆಸಿಕೊಂಡು ಇನ್ನೊಂದು ಕಪ್ಪು ತುಂಬಿದಳು. ಅವನ ಕೈಗೆ ಕೊಡದೆ ಬಾಯ್ಲರ್ ಕಟ್ಟೆಯ ಮೇಲಿಟ್ಟಳು.

"ಕುಡದು ಹೋಗು ತಮ್ಮಾ. ನಿನಗೂ ಎರಡು ಚಮಚ ಹಾಕೀನಿ."