ಕಿಸೆಗೆ ಮುತ್ತಿದ ಪತಂಗಗಳು

ತವನಪ್ಪನ ಕಬ್ಬಿನ ಹೊಲದಲ್ಲಿ ಹಳದಿ ಬಣ್ಣದ ಬಲೆಯೊಂದು ತೂಗಾಡುತ್ತಿತ್ತು. ಕೆಳಗೆ ಪ್ಲಾಸ್ಟಿಕ್ ಚೀಲ, ಮೇಲೆ ರಬ್ಬರ್ ಬಿರಡೆ. ಬಿರಡೆಗೆ ಹೆಣ್ಣು ಪತಂಗದ ವಾಸನೆ ಹಚ್ಚಿದ್ದರಿಂದ ಸುತ್ತಲಿನ ಗಂಡು ಪತಂಗಗಳೆಲ್ಲ ಹುಡುಕಿಕೊಂಡು ಬಂದು ಚೀಲಕ್ಕೆ ಬೀಳುತ್ತಿದ್ದವು. ಕಟ್ಟಿಹೋದವರು ಕೀಟಗಳ ಸಂಶೋಧನೆ ಮಾಡುವ ಮೇಘಾ ಮೇಡಂ. "ಎಣಿಸಿ ಬಿಟ್ಟಬಿಡ್ತೇನ್ರಿ, ಒಂದನ್ನೂ ಕೊಲ್ಲೂದಿಲ್ಲ" ಎಂದು ಮಾತು ಕೊಟ್ಟ ಮೇಲೆಯೇ ತವನಪ್ಪನ ತಾಯಿ ಗಂಗೂಬಾಯಿ ಒಪ್ಪಿದ್ದರು. ಸದಲಗಾದ ಆ ಜೈನ ಮನೆಯಲ್ಲಿ ನೀರನ್ನೂ ಸೋಸದೆ ಕುಡಿಯುವುದಿಲ್ಲ. ಚಾತುರ್ಮಾಸದಲ್ಲಂತೂ ಇರುವೆಗೂ ದಾರಿ ಬಿಟ್ಟು ನಡೆಯಬೇಕು.

ಪಕ್ಕದ ಹೊಲದ ಕಾಮಣ್ಣ ಬರುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಊರ ಸುದ್ದಿಯನ್ನು ಮನೆಮನೆಗೆ ಮುಟ್ಟಿಸದಿದ್ದರೆ ಅವನಿಗೆ ಉಂಡ ಅನ್ನ ಕರಗುವುದಿಲ್ಲ. ಅಷ್ಟಮಿಯ ಉಪವಾಸ ಮುಗಿಸಿದ ಎಪ್ಪತ್ತಾರರ ಗಂಗೂಬಾಯಿ ಮರುದಿನ ಪಾರಣೆಗೆ ಕೂತ ಹೊತ್ತಿಗೇ ಅವನು ಬಾಗಿಲಿಗೆ ಬಂದ.

"ಆಯಿ, ಗೊತ್ತೈತೇನ್ರಿ? ಇವತ್ತ ಮೇಡಂ ಹುಳಾ ಎಣಸಾಕ ಬರ್ತಾರಂತ. ಎಂಟರ ಮ್ಯಾಲ ಒಂದ ಸಿಕ್ರೂ ಡ್ರೋನ್ ತಂದ ಹೊಲದ ತುಂಬ ಹುಳಾ ಕೊಲ್ಲೂ ಎಣ್ಣಿ ಹೊಡಸ್ತಾರ. ದಿಗ್ಗೇವಾಡ್ಯಾಗ ನಮ್ಮ ಬೀಗರು ಕಣ್ಣಾರೆ ನೋಡ್ಯಾರ."

ಗಂಗೂಬಾಯಿ ತಾಟು ಸರಿಸಿದರು. "ನನ್ನ ಹೊಲದಾಗ ವಿಷ ಬೀಳೂದಿಲ್ಲಂತ ಖಾತ್ರಿ ಆಗೂ ತನಕ ನಾ ಉಣ್ಣೂದಿಲ್ಲ."

"ಅವ್ವಾ, ನಿನ್ನೆಯಿಂದ ಹೊಟ್ಟಿ ಖಾಲಿ ಐತಿ..." ಎಂದ ತವನಪ್ಪ.

"ಹೊತ್ತ ಮುಳಗೂದ್ರಾಗ ಬಂದ ಹೇಳು. ಇಲ್ಲಂದ್ರ ನಾಳೆ ನೋಡೂಣು."

ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ತಾಯಿ ಉಣ್ಣದೆ ಮಗ ಉಣ್ಣುವಂತೆಯೂ ಇಲ್ಲ. ತವನಪ್ಪ ಹಸಿವು ತಡೆಯುವ ಪೈಕಿಯವನಲ್ಲ, ಆದರೆ ಅವನಿಗೆ ತಾಯಿಯದೇ ಚಿಂತೆ. ಅವರು ಆಗಲೇ ಗೋಡೆ ಹಿಡಿದು ಏಳುತ್ತಿದ್ದರು. ಮೇಡಂಗೆ ಐದು ಸಲ ಫೋನ್ ಹಚ್ಚಿದ, ಹತ್ತಲಿಲ್ಲ. ಹೊಲಕ್ಕೆ ಓಡಿದ.

ಚೀಲದಲ್ಲಿ ಮೂವತ್ತೊಂದು ಪತಂಗಗಳಿದ್ದವು. ಬಾಯಿ ಬಿಚ್ಚಿ ಕೊಡವಿದ. ಮೋಡ ಕವಿದ ಮಬ್ಬಿನಲ್ಲಿ ಅವು ಒಂದು ಸುತ್ತು ಹಾರಿ, ತವರಿಗೆ ಬಂದಂತೆ ಮತ್ತೆ ಚೀಲ ಸೇರಿದವು. ಮಧ್ಯಾಹ್ನವೆಲ್ಲ ಕೊಡವಿದ್ದೇ ಕೊಡವಿದ್ದು, ಬಂದಿದ್ದೇ ಬಂದಿದ್ದು.

"ಆ ಬಿರಡಿ ತಗೀರಿ, ತವನಪ್ಪಣ್ಣ," ಎಂದ ಒಡ್ಡಿನ ಮೇಲೆ ಕೂತು ತಮಾಷೆ ನೋಡುತ್ತಿದ್ದ ಕಾಮಣ್ಣ. "ವಾಸನೀನ ಇಲ್ಲಂದ್ರ ಗಂಡಸರು ಯಾಕ ಬರ್ತಾರ?"

ಮಾತು ಸರಿ ಎನಿಸಿತು. ತವನಪ್ಪ ಬಿರಡೆ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡು ಇನ್ನೊಮ್ಮೆ ಚೀಲ ಕೊಡವಿದ. ಈ ಸಲ ಒಂದೂ ಚೀಲಕ್ಕೆ ಮರಳಲಿಲ್ಲ.

ಐದೂವರೆಗೆ ಮೇಡಂ ಸ್ಕೂಟಿಯಲ್ಲಿ ಬಂದರು. ಚೀಲದಲ್ಲಿ ಇಣುಕಿ, ವಹಿಯಲ್ಲಿ ಸೊನ್ನೆ ಬರೆಯಲು ಹೋದವರು ತಲೆ ಎತ್ತಿ ತವನಪ್ಪನ ಎದೆಯನ್ನೇ ನೋಡತೊಡಗಿದರು. ಅವನೂ ಬಗ್ಗಿ ನೋಡಿಕೊಂಡ. ಕಿಸೆಯ ಮೇಲೆ ಪತಂಗಗಳು ಸಂತೆ ಹಚ್ಚಿದ್ದವು. ಒಂದು ಮೀಸೆಯನ್ನೂ ಏರಿತ್ತು.

"ಅಲ್ಲಾಡಬ್ಯಾಡ್ರಿ ಕಾಕಾ," ಎಂದು ಮೇಡಂ ಬೆರಳು ಮಾಡಿ ಎಣಿಸಿದರು. "ಹತ್ತೊಂಬತ್ತು... ಮೀಸಿ ಮ್ಯಾಲಿಂದ ಹಿಡದ ಇಪ್ಪತ್ತು."

ತವನಪ್ಪ ಕೈಮುಗಿದ. "ನಂದ ತಪ್ಪಾತ್ರಿ ಮೇಡಂ. ಎಣ್ಣಿ ಮಾತ್ರ ಹೊಡಸಬ್ಯಾಡ್ರಿ. ನಮ್ಮವ್ವ ನಿನ್ನೆಯಿಂದ ಉಂಡಿಲ್ರಿ."

"ಎಣ್ಣಿ ಹೊಡಸ್ತೇವಂತ ಯಾರ್ ಹೇಳಿದ್ರಿ?" ಎಂದು ಮೇಡಂ ಕೇಳುವಷ್ಟರಲ್ಲಿ ಕಾಮಣ್ಣ ಒಡ್ಡಿನಿಂದಿಳಿದು ಸೈಕಲ್ ಹತ್ತಿದ್ದ. "ನಾವು ಮಿತ್ರ ಹುಳಾ ತಂದ ಬಿಡ್ತೇವ್ರಿ, ಸಾಸಿವಿ ಕಾಳಿಗಿಂತ ಸಣ್ಣವು. ಕಬ್ಬ ಕೊರಿಯೂ ಈ ಪತಂಗದ ಮರಿಗಳ ಕಾಟ ತಾನ ಕಡಿಮಿ ಆಗ್ತೈತಿ. ನಡೀರಿ, ಆಯಿಗೆ ನಾನ ಹೇಳ್ತೇನಿ."

ಇಬ್ಬರೂ ಮನೆ ಮುಟ್ಟಿದಾಗ ಹೊತ್ತು ಇನ್ನೂ ಇತ್ತು. ಎಣ್ಣೆಯ ಮಾತೇ ಇಲ್ಲವೆಂದು ಕೇಳಿ ಗಂಗೂಬಾಯಿಯ ಮುಖ ಅರಳಿತು. ಕೈ ತೊಳೆದು ಕೂತು, ಮಗನಿಗೂ ತಾಟು ಹಾಕಿ, ರೊಟ್ಟಿ ಮುರಿದರು. ತುತ್ತು ಬಾಯಿಗೆ ಹೋಗುವ ಮುನ್ನ ಅಕ್ಕರೆಯಿಂದ ಕೇಳಿದರು:

"ಅಷ್ಟ ಸಣ್ಣ ಜೀವ, ಪಾಪ! ನಮ್ಮ ಹೊಲಕ್ಕ ಬಂದ ಏನ್ ತಿಂತಾವ, ತಂಗಿ?"

ವಿಜ್ಞಾನಿಗಳಿಗೆ ಸುಳ್ಳು ಹೇಳಿ ರೂಢಿ ಇರುವುದಿಲ್ಲ.

"ತತ್ತಿ, ಆಯಿ," ಎಂದರು ಮೇಡಂ.

ತುತ್ತು ತಾಟಿಗೆ ಮರಳಿತು. "ಜೈನರ ಹೊಲದಾಗ ತತ್ತಿ?"

"ಕೋಳಿ ತತ್ತಿ ಅಲ್ರಿ, ಪತಂಗದ್ದು," ಮೇಡಂ ಅವಸರದಿಂದ ಬಿಡಿಸಿ ಹೇಳಿದರು. "ಒಳಗಿನ ಮರಿ ಹೊರಗ ಬರೂದಕ್ಕ ಮೊದಲ ತಿಂದ ಮುಗಸ್ತಾವ."

ತವನಪ್ಪ ಕಣ್ಣು ಮುಚ್ಚಿಕೊಂಡ.

ಗಂಗೂಬಾಯಿ ಎದ್ದು, ಮೇಡಂ ಅವರ ಕೈಹಿಡಿದು ಮಣೆಯ ಮೇಲೆ ಕೂರಿಸಿ, ಹೊಸ ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದರು. "ನೀ ಉಣ್ಣವ್ವಾ. ಹೊಲದಾಗ ಹುಳಾ ಎಣಿಸಿ ದಣದೀ. ನಂದು ನಾಳೆ ನೋಡೂಣು."

ಮಗನ ಕೈ ಸದ್ದಿಲ್ಲದೆ ತನ್ನ ತಾಟಿನತ್ತ ಸಾಗಿದ್ದನ್ನು ಗಂಗೂಬಾಯಿ ಒಮ್ಮೆ ನೋಡಿದರು. ಆ ತಾಟಿನ ಎರಡು ರೊಟ್ಟಿಯೂ ಮೇಡಂ ತಾಟಿಗೆ ಹೋದವು.

"ಪಲ್ಯ ಭಾಳ ರುಚಿ ಆಗೇತ್ರಿ, ಆಯಿ," ಎಂದು ಮೇಡಂ ಮೂರನೆಯ ರೊಟ್ಟಿ ಮುರಿದರು. "ಕಾಕಾ, ನೀವ್ಯಾಕ ಉಣವಲ್ರಿ?"